ವುಡ್‌ಬ್ರಿಜ್‌ನಿಂದ ಸೌತ್‌ವೋಲ್ಡ್‌ವರೆಗೆ: ಸಫೋಕ್ ಕಿರುದಾರಿಗಳಲ್ಲಿ ಸೈಕಲ್ ತುಳಿಯುತ್ತ

ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್‌ನಿಂದ ಇಪ್ಸ್‌ವಿಚ್‌ಗೆ ರೈಲಿನಲ್ಲಿ ಒಂದೂಕಾಲು ಗಂಟೆ. ಅಲ್ಲಿ ಲೋಸ್ಟಾಫ್ಟ್ ಕಡೆಯ ಚಿಕ್ಕ ರೈಲು ಹತ್ತಿ ವುಡ್‌ಬ್ರಿಜ್‌ನಲ್ಲಿ ಇಳಿದರೆ, ಪ್ಲಾಟ್‌ಫಾರ್ಮಿನ ಬೆನ್ನಿಗೇ ಡೆಬೆನ್ ನದಿಯ ಅಳಿವೆ. ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್ ಕೌಂಟಿಯಲ್ಲಿ ಇಲ್ಲಿಂದ ಆರ್ಫರ್ಡ್, ಸ್ನೇಪ್, ಆಲ್ಡ್‌ಬರೊ, ಡನಿಚ್ ದಾಟಿ ಸೌತ್‌ವೋಲ್ಡ್ ತಲುಪಿ, ಹೇಲ್ಸ್‌ವರ್ತ್‌ನಲ್ಲಿ ಮತ್ತೆ ರೈಲು ಹಿಡಿಯುವ ಹಾದಿ ಸುಮಾರು 90 ಕಿಲೋಮೀಟರ್. ಪ್ರತಿ ಭಾನುವಾರ ಬೆಳಗಿನ ಜಾವ ನಂದಿಬೆಟ್ಟ ಹತ್ತಿ ಇಳಿಯುವವರಿಗೆ ಇದು ಅರ್ಧ ದಿನದ ಕೆಲಸ ಎನಿಸಬಹುದು. ಆದರೂ ಮೂರು ದಿನ ಇಟ್ಟುಕೊಳ್ಳಿ. ಇಲ್ಲಿ ದಿನವನ್ನು ನಿರ್ಧರಿಸುವುದು ಕಾಲಿನ ಬಲವಲ್ಲ, ದೋಣಿಯ ವೇಳೆ, ಅಡುಗೆಮನೆ ಮುಚ್ಚುವ ಹೊತ್ತು ಮತ್ತು ಗಾಳಿಯ ದಿಕ್ಕು.

ಮೊದಲು ಗಾಳಿ ನೋಡಿ. ವರ್ಷದ ಬಹುಪಾಲು ಅದು ನೈಋತ್ಯದಿಂದ ಬೀಸುತ್ತದೆ, ಹಾದಿ ಈಶಾನ್ಯಕ್ಕೆ ಸಾಗುತ್ತದೆ, ಹಾಗಾಗಿ ಬೆನ್ನಿಗೆ ಸಹಾಯ ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಸಮುದ್ರದ ಕಡೆಯಿಂದ ತಣ್ಣನೆಯ ಗಾಳಿ ದಿನಗಟ್ಟಲೆ ಎದುರಾಗುವುದುಂಟು. ಎರಡೂ ತುದಿಯಲ್ಲಿ ಒಂದೇ ರೈಲುಮಾರ್ಗ ಇರುವುದರಿಂದ ಹೊರಡುವ ಹಿಂದಿನ ರಾತ್ರಿ ಮುನ್ಸೂಚನೆ ನೋಡಿ ಹೇಲ್ಸ್‌ವರ್ತ್‌ನಿಂದ ಶುರುಮಾಡಿದರೂ ನಷ್ಟವಿಲ್ಲ. ಮಳೆಯ ಬಗ್ಗೆ ಅತಿಯಾದ ಭಯ ಬೇಡ. ಇಂಗ್ಲೆಂಡಿನ ಅತಿ ಒಣ ಭಾಗಗಳಲ್ಲಿ ಇದೂ ಒಂದು, ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಆದರೆ ನಮ್ಮ ಮುಂಗಾರಿನಂತೆ ಒಟ್ಟಿಗೆ ಸುರಿದು ಮುಗಿಯುವುದಿಲ್ಲ, ಹನ್ನೆರಡು ತಿಂಗಳೂ ಚೂರುಚೂರೇ ಜಿನುಗುತ್ತದೆ. ತೆಳು ಮಳೆಕೋಟು ಚೀಲದ ತಳಕ್ಕೆ ಹೋಗದಿರಲಿ.

ಲಂಡನ್ನಿನಿಂದ ಸೈಕಲ್ ತರುವವರು ಗಮನಿಸಬೇಕಾದ್ದಿದೆ. ಭೂಗತ ರೈಲಿನ ಆಳದ ಮಾರ್ಗಗಳಲ್ಲಿ ಮಡಚುವ ಸೈಕಲ್ಲಿಗಷ್ಟೇ ಪ್ರವೇಶ. ವಾರದ ದಿನ ಕಚೇರಿ ವೇಳೆಯಲ್ಲಿ ಲಿವರ್‌ಪೂಲ್ ಸ್ಟ್ರೀಟ್ ರೈಲುಗಳಲ್ಲೂ ದೊಡ್ಡ ಸೈಕಲ್ಲಿಗೆ ನಿರ್ಬಂಧವಿದೆ. ಇಪ್ಸ್‌ವಿಚ್ ಮೇಲೆ ಹೋಗುವ ನಾರಿಚ್ ಕಡೆಯ ವೇಗದ ರೈಲಿಗೆ ಸೈಕಲ್ ಜಾಗ ಮೊದಲೇ ಕಾಯ್ದಿರಿಸಬೇಕು.

ಸೈಕಲ್ ಯಾವುದಾದರೂ ಆದೀತು, ಟೈರ್ ಮಾತ್ರ 32 ಮಿಲಿಮೀಟರಿಗಿಂತ ಕಿರಿದಾಗುವುದು ಬೇಡ. 70 ಕಿಲೋ ತೂಗುವ ಸವಾರ, 8 ಕಿಲೋ ಸಾಮಾನು ಎಂದರೆ ಹಿಂದಿನ ಚಕ್ರಕ್ಕೆ 60 ಪಿಎಸ್‌ಐ, ಮುಂದಿನದಕ್ಕೆ ಅದಕ್ಕಿಂತ ಐದಾರು ಕಡಿಮೆ ಸಾಕು. ಕಲ್ಲಿನಂತೆ ಗಟ್ಟಿ ಗಾಳಿ ಹೊಡೆದರೆ ಸವೆದ ಡಾಂಬರಿನ ಮೇಲೆ ಸಂಜೆಯ ಹೊತ್ತಿಗೆ ಅಂಗೈ ಜೋಮು ಹಿಡಿಯುತ್ತದೆ. ಸಾಮಾನು ಬೆನ್ನಿಗಲ್ಲ, ಕ್ಯಾರಿಯರಿನ ಎರಡು ಬದಿಗೆ ಸಮಭಾರವಾಗಿ. ಕ್ಯಾರಿಯರ್ ಹಿಡಿದಿರುವ ಬೋಲ್ಟುಗಳು ಅದುರಿ ಸಡಿಲವಾಗುವುದೇ ಇಂಥ ಪ್ರವಾಸಗಳ ಮಾಮೂಲಿ ಕಾಟ. ಪ್ರತಿ ಬೆಳಿಗ್ಗೆ ಅಲೆನ್ ಕೀಲಿಯಿಂದ ಒಮ್ಮೆ ಬಿಗಿ ಮಾಡಿ, ಒಂದು ಬೋಲ್ಟು ಹೆಚ್ಚುವರಿ ಇಟ್ಟುಕೊಳ್ಳಿ.

ಕಾಗದದ ನಕ್ಷೆ ಹಳೆಯ ಶೋಕಿ ಎಂದು ತಳ್ಳಿಹಾಕಬೇಡಿ. ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಕಿತ್ತಳೆ ರಟ್ಟಿನ ಎಕ್ಸ್‌ಪ್ಲೋರರ್ ಸರಣಿಯ 212 ಮತ್ತು 231ನೇ ಹಾಳೆಗಳು ಈ ಹಾದಿಗೆ ಬೇಕಾಗುತ್ತವೆ. ಅದರಲ್ಲಿ ಹಸಿರು ಗಿಡ್ಡ ಗೀಟು ಕಾಲುದಾರಿ, ಅಲ್ಲಿ ಸೈಕಲ್ ಹೊಡೆಯುವ ಹಕ್ಕಿಲ್ಲ. ಹಸಿರು ಉದ್ದ ಗೀಟು ಬ್ರೈಡಲ್‌ವೇ, ಅಂದರೆ ಕುದುರೆ ದಾರಿ. 1968ರ ಕಾನೂನಿನಿಂದ ಅಲ್ಲಿ ಸೈಕಲ್ಲಿಗೂ ಹಕ್ಕು ಬಂತು, ಆದರೆ ನಡೆಯುವವರಿಗೂ ಕುದುರೆಗೂ ದಾರಿ ಬಿಡಬೇಕು. ಹಕ್ಕಿದ್ದ ಮಾತ್ರಕ್ಕೆ ತುಳಿಯಲು ಆಗುತ್ತದೆಂದಲ್ಲ! ಕರಾವಳಿಯ ಈ ಪಟ್ಟಿ ಸ್ಯಾಂಡ್ಲಿಂಗ್ಸ್ ಎಂಬ ಮರಳು ನೆಲ. ಫೋನಿನ ಆ್ಯಪ್ ಹತ್ತಿರದ ದಾರಿ ಎಂದು ಕುದುರೆ ದಾರಿಗೆ ಇಳಿಸಿದರೆ, ಒಣ ಬೇಸಿಗೆಯಲ್ಲಿ ಚಕ್ರ ಹೂತು ಎರಡು ಕಿಲೋಮೀಟರ್ ತಳ್ಳಿಕೊಂಡು ನಡೆಯಬೇಕಾಗುತ್ತದೆ. ನಕ್ಷೆಯ ಹಳದಿ ಗೆರೆಗಳನ್ನು ನಂಬಿ.

ಆ ಹಳದಿ ಗೆರೆ ನೆಲದ ಮೇಲೆ ಮೂರು ಮೀಟರ್ ಅಗಲದ ಡಾಂಬರು ದಾರಿ. ಎರಡೂ ಕಡೆ ಆಳೆತ್ತರದ ಬೇಲಿಗಿಡ, ನಡುವೆ ಹುಲ್ಲಿನ ಏಣು. ಗಂಟೆಗೆ ನಾಲ್ಕೈದು ಕಾರು ಬಂದರೆ ಹೆಚ್ಚು. ಆದರೆ ಫಲಕವಿಲ್ಲದ ಕಡೆ ಕಾನೂನಿನ ವೇಗಮಿತಿ 60 ಮೈಲಿ, ಅಂದರೆ ಸುಮಾರು 97 ಕಿಲೋಮೀಟರ್ ಎಂಬುದು ಮರೆಯಬಾರದು. ತಿರುವಿನಲ್ಲಿ ಬರುವ ವಾಹನ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ, ಹಾಗಾಗಿ ಇಯರ್‌ಫೋನ್ ಬೇಡ. ನಮ್ಮಂತೆಯೇ ಇಲ್ಲೂ ಎಡಬದಿಯ ಸಂಚಾರ. ಹಿಂದೆ ಕಾರು ಬಂದರೆ ಗಾಬರಿಯಿಂದ ಬೇಲಿಗೆ ನುಗ್ಗದೆ, ಮುಂದಿನ ಗದ್ದೆ ಗೇಟಿನವರೆಗೆ ನಿಧಾನಕ್ಕೆ ಹೋಗಿ ಪಕ್ಕಕ್ಕೆ ನಿಂತರಾಯಿತು. ಹಾರ್ನ್ ಹೊಡೆಯುವವರು ಕಡಿಮೆ, ಕೈ ಎತ್ತಿ ಹೋಗುವವರೇ ಹೆಚ್ಚು. ಕೊಯ್ಲಿನ ಕಾಲದ ಟ್ರ್ಯಾಕ್ಟರ್ ಬಂದರೆ ಪೂರ್ತಿ ಇಳಿದುಬಿಡಿ, ಟ್ರೇಲರ್ ದಾರಿಯನ್ನೆಲ್ಲ ತುಂಬಿಕೊಂಡಿರುತ್ತದೆ.

ವುಡ್‌ಬ್ರಿಜ್ ಬಿಟ್ಟು ವಿಲ್ಫರ್ಡ್ ಸೇತುವೆ ದಾಟಿದೊಡನೆ ಒಂದು ಏರು. ಅದರ ಮೇಲೆ ಸಟನ್ ಹೂ, 1939ರಲ್ಲಿ 27 ಮೀಟರ್ ಉದ್ದದ ಆಂಗ್ಲೊ-ಸ್ಯಾಕ್ಸನ್ ಹಡಗಿನ ಅಚ್ಚು ಮಣ್ಣಿನಲ್ಲಿ ಸಿಕ್ಕ ದಿಬ್ಬ. ಮುಂದೆ ಬಟ್ಲಿ ನದಿಗೆ ಸ್ವಯಂಸೇವಕರು ಹುಟ್ಟು ಹಾಕುವ ದೋಣಿಯಿದೆ. ಅದು ಬೇಸಿಗೆಯ ಅರ್ಧವರ್ಷದಲ್ಲಿ ವಾರಾಂತ್ಯ ಮತ್ತು ರಜಾದಿನಗಳಿಗೆ ಮಾತ್ರ. ಜೋರು ಗಾಳಿಗೆ ರದ್ದಾಗುವುದೂ ಉಂಟು, ಮೊದಲೇ ವಿಚಾರಿಸಿ. ದೋಣಿಗೆ ಹೋಗುವ ಮುನ್ನವೇ ಚೀಲಗಳನ್ನು ಕ್ಯಾರಿಯರಿನಿಂದ ಬಿಚ್ಚಿಡಿ. ಅಂಬಿಗ ಹೇಳಿದ ಮೇಲೆ ಸೈಕಲ್ಲನ್ನು ಮುಂದಿನ ಚಕ್ರದಿಂದ ಇಳಿಸಿ, ಚೈನಿನ ಬದಿ ಮೇಲೆ ಬರುವಂತೆ ಒರಗಿಸಬೇಕು. ಇಲ್ಲದಿದ್ದರೆ ಗೇರ್ ಬದಲಿಸುವ ಹಿಂದಿನ ಡಿರೇಲರ್ ಹಲಗೆಗೆ ಒತ್ತಿ ಬಾಗುತ್ತದೆ, ಆಚೆ ದಡದಲ್ಲಿ ಗೇರ್ ತಾನಾಗಿ ಜಿಗಿಯತೊಡಗುತ್ತದೆ. ದೋಣಿ ಇಲ್ಲದ ದಿನ ಬಟ್ಲಿ ಹಳ್ಳಿಯ ಮೂಲಕ ಸುತ್ತು ಹಾಕಿದರೆ ಆರ್ಫರ್ಡ್ ಸಿಗುತ್ತದೆ. ಅಲ್ಲಿಯ ಬಹುಮೂಲೆಯ ಕೋಟೆಗೋಪುರ ಎರಡನೇ ಹೆನ್ರಿ 1165ರಿಂದ 1173ರ ನಡುವೆ ಕಟ್ಟಿಸಿದ್ದು. ಮೊದಲ ರಾತ್ರಿಗೆ ಇದೇ ಊರು ಹೇಳಿ ಮಾಡಿಸಿದ್ದು.

ಊಟದ ವಿಚಾರ ಇಲ್ಲೇ ಹೇಳಿಬಿಡಬೇಕು. ಹಳ್ಳಿಯ ಪಬ್ಬುಗಳಲ್ಲಿ ಮಧ್ಯಾಹ್ನದ ಅಡುಗೆ ಹೆಚ್ಚಾಗಿ 12ರಿಂದ 2ರವರೆಗೆ. ಎರಡೂಕಾಲಿಗೆ ಹೋದರೆ ಬಿಯರ್ ಸಿಗುತ್ತದೆ, ಅನ್ನ ಸಿಗುವುದಿಲ್ಲ. ಸೋಮವಾರ, ಕೆಲವೆಡೆ ಮಂಗಳವಾರವೂ ಬಾಗಿಲೇ ತೆರೆಯುವುದಿಲ್ಲ. ಸಸ್ಯಾಹಾರಿಗಳಿಗೆ ಚೀಸ್ ಹಾಕಿದ ಸುಟ್ಟ ಆಲೂಗಡ್ಡೆ, ಬ್ರೆಡ್ಡಿನ ಮೇಲೆ ಬೀನ್ಸ್, ದಿನದ ಸೂಪು ಖಾತ್ರಿ. ಚಿಪ್ಸ್ ಮಾತ್ರ ಕೇಳಿ ತಿನ್ನಿ, ಕೆಲವು ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಮನೆಗಳ ಗೇಟಿನ ಮುಂದೆ ಮೊಟ್ಟೆ, ಜಾಮ್, ಮೇ ತಿಂಗಳಲ್ಲಿ ಆಸ್ಪರಾಗಸ್ ಇಟ್ಟು ಪಕ್ಕದಲ್ಲೊಂದು ಹುಂಡಿ ಇಟ್ಟಿರುತ್ತಾರೆ. ಕಾಯುವವರು ಯಾರೂ ಇಲ್ಲ, ಚಿಲ್ಲರೆ ಕೊಡುವವರೂ ಇಲ್ಲ. ಒಂದು ಪೌಂಡಿನ ನಾಣ್ಯಗಳು ಜೇಬಿನಲ್ಲಿರಲಿ.

ಎರಡನೇ ದಿನ ಸಡ್ಬರ್ನ್ ಮೇಲೆ ಐಕನ್. ಆಲ್ಡ್ ನದಿಯ ತಿರುವಿನ ದಿಣ್ಣೆಯಲ್ಲಿ ಹುಲ್ಲು ಹೊದಿಸಿದ ಚರ್ಚು. 654ರಲ್ಲಿ ಸಂತ ಬಾಟಲ್ಫ್ ಮಠ ಕಟ್ಟಿದ್ದು ಇಲ್ಲಿಯೇ ಎನ್ನುತ್ತಾರೆ. ಸ್ನೇಪ್‌ನಲ್ಲಿ ಬಾರ್ಲಿ ಮೊಳೆಸುತ್ತಿದ್ದ ಇಟ್ಟಿಗೆ ಕಟ್ಟಡಗಳ ನಡುವೆ 1967ರಿಂದ ಸಂಗೀತ ಸಭಾಂಗಣವಿದೆ. ಜೂನ್‌ನಲ್ಲಿ ಆಲ್ಡ್‌ಬರೊ ಸಂಗೀತೋತ್ಸವದ ವಾರಗಳಲ್ಲಿ ಸುತ್ತಲಿನ ಕೋಣೆಗಳೆಲ್ಲ ತಿಂಗಳುಗಳ ಮೊದಲೇ ತುಂಬಿರುತ್ತವೆ. ಸ್ನೇಪ್‌ನಿಂದ ಆಲ್ಡ್‌ಬರೊಗೆ ನೇರ ಹೋಗುವ ಎ1094 ರಸ್ತೆಯಲ್ಲಿ ಕಾರುಗಳ ಭರಾಟೆ. ಅದನ್ನು ಅಡ್ಡ ದಾಟಿ ಫ್ರಿಸ್ಟನ್, ನಾಡಿಶಲ್, ಆಲ್ಡ್ರಿಂಗಮ್ ಬಳಸಿ ಥಾರ್ಪ್‌ನೆಸ್‌ಗೆ ಬಂದು, ಸಮುದ್ರದ ಪಕ್ಕದ ಸಮತಟ್ಟು ರಸ್ತೆಯಲ್ಲಿ ದಕ್ಷಿಣಕ್ಕೆ ಇಳಿಯುವುದು ಎಷ್ಟೋ ವಾಸಿ. ಕಲಾವಿದೆ ಮ್ಯಾಗಿ ಹ್ಯಾಂಬ್ಲಿಂಗ್ 2003ರಲ್ಲಿ ನಿಲ್ಲಿಸಿದ ಉಕ್ಕಿನ ಚಿಪ್ಪು ಈ ದಾರಿಯಲ್ಲೇ ಸಿಗುತ್ತದೆ. ದಂಡೆ ಪೂರ್ತಿ ಬೆಣಚುಗಲ್ಲು, ಸೈಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಇಳಿಯಿರಿ.

ಪಂಕ್ಚರ್ ಆಗುವುದಿದ್ದರೆ ಇಲ್ಲಿಂದ ಮುಂದೆ. ಹಕ್ಕಿಗಳು ಗೂಡು ಕಟ್ಟುವ ಕಾಲವೆಂದು ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬೇಲಿ ಕತ್ತರಿಸುವುದಿಲ್ಲ. ಸೆಪ್ಟೆಂಬರ್ ಬಂತೆಂದರೆ ಟ್ರ್ಯಾಕ್ಟರಿನ ಯಂತ್ರ ಹಾಥಾರ್ನ್, ಬ್ಲ್ಯಾಕ್‌ಥಾರ್ನ್ ಮುಳ್ಳನ್ನು ಪುಡಿಮಾಡಿ ರಸ್ತೆಗೆ ಚೆಲ್ಲುತ್ತದೆ. ಟ್ಯೂಬ್ ಬದಲಿಸಿ ಎರಡೇ ಕಿಲೋಮೀಟರಿಗೆ ಮತ್ತೆ ಗಾಳಿ ಹೋದರೆ ಕಾರಣ ಒಂದೇ: ಮುಳ್ಳಿನ ತುದಿ ಟೈರಿನೊಳಗೇ ಮುರಿದು ಕೂತಿದೆ. ಟೈರಿನ ಹೆಸರು ಬರೆದ ಜಾಗ ವಾಲ್ವಿಗೆ ಸರಿಯಾಗಿ ಬರುವಂತೆ ಮೊದಲೇ ಕೂಡಿಸಿದ್ದರೆ, ಟ್ಯೂಬಿನ ತೂತನ್ನು ನೋಡಿ ಟೈರಿನ ಯಾವ ಜಾಗ ಹುಡುಕಬೇಕೆಂದು ತಿಳಿಯುತ್ತದೆ. ಬೆರಳಿಂದ ತಡಕಿದರೆ ಬೆರಳಿಗೇ ಚುಚ್ಚೀತು, ಬಟ್ಟೆಯ ಚೂರು ಒಳಗೆ ಸವರಿ, ಅದು ಸಿಕ್ಕಿಕೊಂಡಲ್ಲಿ ಮುಳ್ಳು. ಹೊರಗಿನಿಂದ ಎಳೆಯಲು ಬರುವುದಿಲ್ಲ, ಒಳಗಿನಿಂದ ಚಿಮಟದಲ್ಲಿ ಕೀಳಿ. ಎರಡು ಟ್ಯೂಬ್, ಪ್ಯಾಚ್ ಪೆಟ್ಟಿಗೆ, ಪಂಪು ಇಲ್ಲದೆ ಹೊರಡಬೇಡಿ. ಈ ಹಳ್ಳಿಗಳಲ್ಲಿ ಪಂಕ್ಚರ್ ಅಂಗಡಿ ಎಂಬುದೇ ಇಲ್ಲ.

ಲೇಸ್ಟನ್ ಸುತ್ತ ಸೈಜ್‌ವೆಲ್ ಅಣುಸ್ಥಾವರದ ಹೊಸ ಘಟಕದ ಕಾಮಗಾರಿಯ ಲಾರಿಗಳಿರುತ್ತವೆ, ವಾರದ ದಿನವಾದರೆ ಬೇಗ ದಾಟಿಬಿಡಿ. ಡನಿಚ್ ಒಂದು ಕಾಲದ ದೊಡ್ಡ ಬಂದರು. 1286ರ ಬಿರುಗಾಳಿಯಿಂದ ಶುರುವಾಗಿ ಊರಿಗೂರೇ ಸಮುದ್ರ ಸೇರಿತು, ಕೊನೆಯ ಹಳೆ ಚರ್ಚು ಇಪ್ಪತ್ತನೇ ಶತಮಾನದ ಮೊದಲ ಎರಡು ದಶಕಗಳಲ್ಲಿ ತುಂಡುತುಂಡಾಗಿ ಉರುಳಿತು. ಮುಂದಿನ ಹತ್ತು ಕಿಲೋಮೀಟರಿಗೆ ವಾಲ್ಬರ್ಸ್‌ವಿಕ್. ಬ್ಲೈತ್ ನದಿಗೆ ಇಲ್ಲೂ ಹುಟ್ಟಿನ ದೋಣಿ, ಸೈಕಲ್ಲಿಗೂ ಜಾಗವಿದೆ. ಚಳಿಗಾಲದಲ್ಲಿ ದೋಣಿ ನಿಂತರೆ ಸ್ವಲ್ಪ ಮೇಲೆ ನಡೆಯುವವರಿಗೂ ಸೈಕಲ್ಲಿಗೂ ಬೈಲಿ ಬ್ರಿಜ್ ಎಂಬ ಉಕ್ಕಿನ ಸೇತುವೆ ಇದೆ. 1879ರಿಂದ 1929ರವರೆಗೆ ಹೇಲ್ಸ್‌ವರ್ತ್–ಸೌತ್‌ವೋಲ್ಡ್ ನಡುವೆ ಓಡಿದ ಮೂರಡಿ ಹಳಿಯ ಪುಟ್ಟ ರೈಲು ಹೊಳೆ ದಾಟುತ್ತಿದ್ದದ್ದು ಇದೇ ಜಾಗದಲ್ಲಿ. ಅದರ ವೇಗಮಿತಿ ಗಂಟೆಗೆ 16 ಮೈಲಿ. ಬೆನ್ನಿಗೆ ಗಾಳಿ ಇದ್ದ ದಿನ ಸೈಕಲ್ಲೇ ಗೆಲ್ಲುತ್ತಿತ್ತು.

ಸೌತ್‌ವೋಲ್ಡ್‌ನಿಂದ ಹೊರಬರಲು ಮೊದಲ ಸ್ವಲ್ಪ ದೂರ ಎ1095 ಬಿಟ್ಟರೆ ಬೇರೆ ರಸ್ತೆಯಿಲ್ಲ. ರೇಡನ್ ದಾಟಿ ವಾಂಗ್‌ಫರ್ಡ್ ಕಡೆ ತಿರುಗಿ, ಅಲ್ಲಿ ಎ12 ಹೆದ್ದಾರಿಯನ್ನು ಅಡ್ಡ ದಾಟಬೇಕು. ವಾಹನಗಳ ವೇಗ ಅಂದಾಜಿಗೆ ಸಿಗುವುದಿಲ್ಲ, ಸೈಕಲ್ ಇಳಿದು ತಳ್ಳಿಕೊಂಡೇ ದಾಟಿ. ಆಚೆಗೆ ಅಗ್‌ಶಲ್, ಸದರ್ಟನ್ ಮೂಲಕ ಹೇಲ್ಸ್‌ವರ್ತ್‌ವರೆಗೆ ಮತ್ತೆ ಕಿರುದಾರಿಗಳೇ. ಇಪ್ಸ್‌ವಿಚ್ ಕಡೆಗೆ ಗಂಟೆಗೊಂದರಂತೆ ರೈಲಿದೆ, ಸೈಕಲ್ ಜಾಗ ಕೆಲವೇ. ಬೇಸಿಗೆಯ ಭಾನುವಾರ ಸಂಜೆ ಅವು ಬೇಗ ತುಂಬುತ್ತವೆ, ಮೂರು ಗಂಟೆಯೊಳಗಿನ ರೈಲು ಹಿಡಿಯುವ ಲೆಕ್ಕ ಇಟ್ಟುಕೊಳ್ಳಿ.