ಕಾಡುಗೋಡಿಯವರ ಸರದಿ

2023ರ ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಬನಶಂಕರಿಯ ನಮ್ಮ ಮನೆಯಲ್ಲಿ ಹಾಲು ಉಕ್ಕದಂತೆ ಒಲೆಯ ಮುಂದೆ ಕಾದು ನಿಂತಿದ್ದಾಗ, ಚದುರಂಗದ ಆಟವೊಂದನ್ನು ನಾನು ಗೆದ್ದಿರುವೆನೆಂದು ಫೋನಿನಲ್ಲಿ ಸೂಚನೆ ಬಂತು. ಗೆಲ್ಲುವ ಸ್ಥಿತಿಯಲ್ಲಿ ನಾನಿರಲಿಲ್ಲ. ಒಂದು ಕುದುರೆಯನ್ನು ಆಗಲೇ ಕಳೆದುಕೊಂಡಿದ್ದೆ, ರಾಜನ ಮುಂದಿದ್ದ ಕಾಲಾಳುಗಳು ಚೆದುರಿಹೋಗಿದ್ದವು, ಇನ್ನು ನಾಲ್ಕೈದು ನಡೆಗಳಲ್ಲಿ ಸೋಲೊಪ್ಪಿಕೊಂಡರಾಯಿತು ಎಂದು ನಾನೇ ನಿರ್ಧರಿಸಿದ್ದೆ. ಎದುರಾಳಿಯ ಸಮಯ ಮುಗಿದಿತ್ತು, ಅಷ್ಟೇ. ಅಂಚೆಯ ಕಾಲದಲ್ಲಿ ಕಾರ್ಡಿನ ಮೇಲೆ ಒಂದೊಂದೇ ನಡೆ ಬರೆದು ಕಳಿಸುತ್ತಿದ್ದರಲ್ಲ, ಅದೇ ರೀತಿ ಲಿಚೆಸ್ ತಾಣದಲ್ಲಿಯೂ ಒಂದು ನಡೆಗೆ 1 ದಿನದಿಂದ 14 ದಿನಗಳವರೆಗೆ ಅವಕಾಶ ಕೊಟ್ಟು ಆಡಬಹುದು. ನಮ್ಮದು 7 ದಿನದ ಲೆಕ್ಕ. ಏಳು ವರ್ಷಗಳಲ್ಲಿ ಆ ವ್ಯಕ್ತಿ ಏಳು ದಿನ ಸುಮ್ಮನಿದ್ದದ್ದು ಒಮ್ಮೆಯೂ ಇರಲಿಲ್ಲ. ಎರಡನೆಯ ದಿನವೇ ಉತ್ತರ ಬರುತ್ತಿತ್ತು, ಜೊತೆಗೆ ಕೆಳಗಿನ ಪುಟ್ಟ ಚೌಕದಲ್ಲಿ ಒಂದು ಸಾಲು ಹರಟೆ.

ನಮ್ಮ ಮನೆಯಲ್ಲಿ ಅವರಿಗೆ ‘ಕಾಡುಗೋಡಿಯವರು’ ಎಂದೇ ಹೆಸರು. ನನಗೆ ಅವರ ಬಗ್ಗೆ ಗೊತ್ತಿದ್ದ ಸಂಗತಿಗಳನ್ನು ಕೇಳಿದರೆ ನೀವು ಆಶ್ಚರ್ಯಪಡಬಹುದು: ಬೆಳಗಿನ ಐದೂವರೆಗೆ ಅವರ ಕಟ್ಟಡಕ್ಕೆ ನೀರಿನ ಟ್ಯಾಂಕರ್ ಬರುತ್ತದೆ ಮತ್ತು ಅದರ ಮೋಟಾರಿನ ಸದ್ದಿಗೆ ಎದ್ದು ಅವರು ಆಟದ ಮುಂದೆ ಕೂರುತ್ತಾರೆ; ಕಾಫಿಗೆ ಚಿಕೋರಿ ಬೆರೆಸುವುದು ಅವರ ದೃಷ್ಟಿಯಲ್ಲಿ ಕಲಬೆರಕೆ; ಆನೆಯನ್ನು ಬೇಗ ಹೊರಗೆ ತರುವವರನ್ನು ಕಂಡರೆ ಅವರಿಗೆ ಆಗದು; ಎಡ ಮೊಣಕಾಲಿನ ನೋವಿಗೆ ಅವರು ಮೂರು ಬಗೆಯ ಎಣ್ಣೆ ಹಚ್ಚಿ ನೋಡಿದ್ದಾರೆ. ಗೊತ್ತಿಲ್ಲದಿದ್ದವು: ಅವರ ಪೂರ್ತಿ ಹೆಸರು, ಫೋನ್ ಸಂಖ್ಯೆ, ಕಟ್ಟಡದ ಹೆಸರು, ಮನೆಯಲ್ಲಿ ಇನ್ನು ಯಾರಿದ್ದಾರೆ ಎಂಬುದು. ನಾನು ಕೇಳಿರಲಿಲ್ಲ. ಮುಖ ನೋಡದವರಿಗೆ ಹೆಣ್ಣುಮಕ್ಕಳು ಫೋನ್ ಸಂಖ್ಯೆ ಕೊಡಬಾರದೆಂಬ ಎಚ್ಚರಿಕೆ ನನಗೆ ರಕ್ತಗತವಾಗಿತ್ತು, ಅದನ್ನು ಅರಿತವರಂತೆ ಅವರೂ ಕೇಳಿರಲಿಲ್ಲ. ಆ ಸಂಕೋಚ ತಪ್ಪೆಂದು ನಾನು ಈಗಲೂ ಹೇಳುವುದಿಲ್ಲ. ಆದರೆ ಅದಕ್ಕೆ ಇಂಥದೊಂದು ಬೆಲೆ ಇದೆಯೆಂದು ಆವತ್ತಿನವರೆಗೆ ತಿಳಿದಿರಲಿಲ್ಲ.

ಒಂದೇ ಊರಿನಲ್ಲಿದ್ದೂ ನಾವು ಭೇಟಿಯಾಗದೆ ಉಳಿದದ್ದಕ್ಕೆ ಬೆಂಗಳೂರಿನವರಿಗೆ ಕಾರಣ ವಿವರಿಸಬೇಕಾಗಿಲ್ಲ. ಬನಶಂಕರಿಯಿಂದ ಕಾಡುಗೋಡಿಗೆ ಹೋಗಿಬರುವ ಹೊತ್ತಿನಲ್ಲಿ ಮೈಸೂರಿಗೆ ಹೋಗಿಬರಬಹುದು ಎಂಬುದು ಅವರದೇ ಮಾತು. ಮೆಟ್ರೋ ಬರಲಿ, ನೋಡೋಣ ಎಂದು ಇಬ್ಬರೂ ಹೇಳಿಕೊಳ್ಳುತ್ತಲೇ ಇದ್ದೆವು.

ನನ್ನ ತಾತನ ಮನೆಗೆ ಬರುತ್ತಿದ್ದ ಕಾಗದಗಳೆಲ್ಲ ‘ಉಭಯ ಕುಶಲೋಪರಿ’ ಎಂದೇ ಆರಂಭವಾಗುತ್ತಿದ್ದವು. ಎಂದಾದರೊಮ್ಮೆ, ಆ ಮಾತಿಲ್ಲದ, ಮೇಲ್ತುದಿಯಲ್ಲಿ ‘ಅಶುಭ’ ಎಂದು ಬರೆದ ಕಾರ್ಡು ಬರುತ್ತಿತ್ತು. ಅದನ್ನು ಒಳಗೆ ತರದೆ ಬಾಗಿಲಲ್ಲೇ ನಿಂತು ಓದಿ, ಹರಿದು ಎಸೆದು, ತಾತ ಸ್ನಾನಕ್ಕೆ ಹೋಗುತ್ತಿದ್ದರು. ಮಕ್ಕಳಾದ ನಮಗೆ ಆ ಕಾರ್ಡೆಂದರೆ ಹೆದರಿಕೆ. ಈಗ ಯೋಚಿಸಿದರೆ, ಆ ಕಾರ್ಡಿನ ಹಿಂದೆ ಎಷ್ಟು ದೊಡ್ಡ ಏರ್ಪಾಡಿತ್ತು ಎನ್ನಿಸುತ್ತದೆ. ಸತ್ತವರು ಯಾರು ಯಾರಿಗೆ ಕಾಗದ ಬರೆಯುತ್ತಿದ್ದರೆಂಬುದು ಆ ಮನೆಯವರಿಗೆ ಗೊತ್ತಿರುತ್ತಿತ್ತು. ಬಂದ ಕಾಗದಗಳನ್ನು ತಂತಿಗೆ ಚುಚ್ಚಿ ತೂಗುಹಾಕಿರುತ್ತಿದ್ದರು. ಮಗನೋ ಸೋದರಳಿಯನೋ ಆ ತಂತಿಯನ್ನು ಕೆಳಗಿಳಿಸಿ, ವಿಳಾಸಗಳನ್ನು ನೋಡಿ ನೋಡಿ, ಹತ್ತಾರು ಕಾರ್ಡು ಬರೆದು ಹಾಕುತ್ತಿದ್ದ. ಬರೆಯಲು ಯಾರೂ ಇಲ್ಲದಿದ್ದರೆ, ನಾವು ಹಾಕಿದ ಕಾಗದವಾದರೂ ‘ವಿಳಾಸದಾರರಿಲ್ಲ’ ಎಂಬ ಷರಾ ಹೊತ್ತು ಹಿಂದಿರುಗುತ್ತಿತ್ತು. ಕಾಡುಗೋಡಿಯವರ ಮನೆಯಲ್ಲಿ ಅಂಥ ತಂತಿ ಇಲ್ಲ. ಇರುವುದು ಬೀಗ ಹಾಕಿದ ಒಂದು ಫೋನು, ಅದರೊಳಗಿನ ಒಂದು ಆಟ, ಆ ಆಟದೊಳಗೆ ನಾನು. ನಾನೊಬ್ಬಳಿರುವೆನೆಂದು ಅವರ ಮನೆಯಲ್ಲಿ ಯಾರಿಗಾದರೂ ಗೊತ್ತಿದೆಯೇ ಎಂಬುದೇ ನನಗೆ ಗೊತ್ತಿಲ್ಲ.

ಹಾಗಾಗಿ ನಾವು ಗುರುತುಗಳನ್ನು ಓದಲು ಕೂರುತ್ತೇವೆ. ವಾಟ್ಸಾಪಿನಲ್ಲಿ ಒಂದೇ ಟಿಕ್ ನಿಂತಿದ್ದರೆ ಫೋನ್ ಆರಿರಬಹುದು, ಸಿಗ್ನಲ್ ಇಲ್ಲದಿರಬಹುದು, ನಮ್ಮನ್ನು ಬ್ಲಾಕ್ ಮಾಡಿರಲೂಬಹುದು. ಮೂರಕ್ಕೂ ಒಂದೇ ಗುರುತು. ಎರಡು ಟಿಕ್ ಬಿದ್ದು ನೀಲಿಯಾಗದಿದ್ದರೆ ಅವರು ನೀಲಿ ಟಿಕ್ ಸೌಲಭ್ಯವನ್ನೇ ಆರಿಸಿಟ್ಟಿರಬಹುದು. ಇಷ್ಟು ಅಸ್ಪಷ್ಟವಾದ ಗುರುತುಗಳಿಂದ ನಾವು ಇಡೀ ಕಥೆ ಕಟ್ಟುತ್ತೇವೆ ಮತ್ತು ಆ ಕಥೆಯಲ್ಲಿ ಮುಖ್ಯ ಪಾತ್ರ ಯಾವಾಗಲೂ ನಮ್ಮದೇ ಆಗಿರುತ್ತದೆ: ನಾನು ಏನೋ ಅಂದೆ, ಅವರಿಗೆ ಬೇಸರವಾಯಿತು.

ಹಾಗೆ ಕಥೆ ಕಟ್ಟಿಕೊಂಡವರಿಂದ ನಾನು ಬುದ್ಧಿ ಕಲಿತದ್ದು 2019ರಲ್ಲಿ. ಆ ವರ್ಷ ಮೆಜೆಸ್ಟಿಕ್‌ನ ನೂಕುನುಗ್ಗಲಿನಲ್ಲಿ ನನ್ನ ಫೋನ್ ಕಳುವಾಯಿತು. ಹೊಸ ಸಿಮ್ ಸಿಕ್ಕಿತು. ಆದರೆ ಹಳೆಯ ಇಮೇಲಿನ ಗುಪ್ತಪದ ನೆನಪಿರಲಿಲ್ಲ, ಅದನ್ನು ಮರಳಿ ಪಡೆಯಲು ಬೇಕಾದ ಸಂಕೇತ ಯಾವತ್ತೋ ಬಿಟ್ಟುಬಿಟ್ಟಿದ್ದ ಸಂಖ್ಯೆಯೊಂದಕ್ಕೆ ಹೋಗುತ್ತಿತ್ತು. ಅದೇ ಸಮಯಕ್ಕೆ ಅತ್ತೆಯವರು ಆಸ್ಪತ್ರೆ ಸೇರಿದ್ದರಿಂದ ಐದು ತಿಂಗಳು ನನಗೆ ಅದರ ಕಡೆ ಗಮನವೇ ಹೋಗಲಿಲ್ಲ. ಕೊನೆಗೊಮ್ಮೆ ಒಳಗೆ ಹೋಗಿ ನೋಡಿದರೆ ಧಾರವಾಡದ ಅಕ್ಕನ ಹನ್ನೊಂದು ಪತ್ರಗಳಿದ್ದವು. ಅವರೂ ಮುಖ ನೋಡದ ಸ್ನೇಹಿತೆಯೇ, ಹಳೆಯ ಅಡುಗೆಗಳ ವಿಷಯದಲ್ಲಿ ಪರಿಚಯವಾದವರು. ಮೊದಲ ಪತ್ರದಲ್ಲಿ ಹಾಗಲಕಾಯಿ ಗೊಜ್ಜಿನ ವಿಚಾರ, ನಾಲ್ಕನೆಯದರಲ್ಲಿ ‘ಹುಷಾರಿದ್ದೀರಾ’ ಎಂಬ ಪ್ರಶ್ನೆ, ಏಳನೆಯದರಲ್ಲಿ ಕ್ಷಮಾಪಣೆ. ಬೆಂಗಳೂರಿನವರು ಎಲ್ಲದಕ್ಕೂ ಬೆಲ್ಲ ಹಾಕುತ್ತಾರೆಂದು ಅವರು ಯಾವಾಗಲೋ ತಮಾಷೆ ಮಾಡಿದ್ದರಂತೆ, ಅದಕ್ಕೇ ನಾನು ಮುನಿಸಿಕೊಂಡೆನೆಂದು ಐದು ತಿಂಗಳು ಕೊರಗಿದ್ದಾರೆ. ನನಗೆ ಆ ಮಾತು ನೆನಪಿನಲ್ಲೂ ಇರಲಿಲ್ಲ. ಅವರ ಪತ್ರಗಳನ್ನು ಒಂದರ ಹಿಂದೊಂದು ಓದುವಾಗ ನನ್ನ ಮೌನ ಇನ್ನೊಬ್ಬರ ಮನೆಯಲ್ಲಿ ಹೇಗೆ ಬೆಳೆದು ನಿಂತಿತ್ತು ಎಂಬುದನ್ನು ಕಣ್ಣಾರೆ ನೋಡಿದಂತಾಯಿತು.

ಎಲ್ಲ ಮೌನಗಳೂ ಹಾಗೆ ತಿಳಿಯಾಗುವುದಿಲ್ಲ. 2021ರ ಎರಡನೆಯ ಅಲೆಯ ಸಮಯದಲ್ಲಿ, ತಾರಸಿ ಕೈತೋಟದ ಗುಂಪಿನಲ್ಲಿದ್ದ ಮೈಸೂರಿನ ಹಿರಿಯರೊಬ್ಬರಿಗೆ ಕಳಿಸಿದ ಸಂದೇಶ ಒಂದೇ ಟಿಕ್‌ಗೆ ನಿಂತಿತು. ಸ್ಥಗಿತಗೊಂಡ ಸಂಖ್ಯೆಯನ್ನು ನಮ್ಮ ದೇಶದಲ್ಲಿ 90 ದಿನ ಕಳೆದ ಮೇಲೆ ಬೇರೊಬ್ಬರಿಗೆ ಕೊಡಬಹುದು. ಆ ವರ್ಷದ ಚಳಿಗಾಲದಲ್ಲಿ ಒಂದು ದಿನ, ಅವರ ಹೆಸರಿನ ಪಕ್ಕ ಇರುತ್ತಿದ್ದ ಕೆಂಪು ದಾಸವಾಳದ ಜಾಗದಲ್ಲಿ, ಬೈಕಿನ ಮೇಲೆ ಕೂತ ಅಪರಿಚಿತ ಹುಡುಗನ ಚಿತ್ರ ಬಂತು. ಕೇಳುವ ಧೈರ್ಯವಾಗದೆ ಇದ್ದವಳಿಗೆ ಉತ್ತರ ಅಲ್ಲಿಯೇ ಇತ್ತು. ಮತ್ತೊಂದು ತಿಂಗಳ ನಂತರ ಗುಂಪಿನ ಇನ್ನೊಬ್ಬರು, ಮೇ ತಿಂಗಳಲ್ಲೇ ಆಗಿಹೋಯಿತೆಂದು ತಿಳಿಸಿದರು. ಆ ಹಿರಿಯರು ಕಳಿಸಿದ್ದ ಬೀಜದ ಗೋರಂಟಿ ಆಗ ನಮ್ಮ ತಾರಸಿಯಲ್ಲಿ ಮೊಳಕಾಲೆತ್ತರ ಬೆಳೆದಿತ್ತು.

ಕಾಡುಗೋಡಿಯವರಿಗೆ ನಾನು ಮೊದಲು ಬರೆದದ್ದು ತಪ್ಪಾಗಿಯೇ ಬರೆದೆ. ‘ಯಾಕೆ ಉತ್ತರವಿಲ್ಲ? ಗಾಬರಿಯಾಗಿದೆ’ ಎಂದು. ಕಳಿಸಿದ ಮೇಲೆ ಧಾರವಾಡದ ಅಕ್ಕನ ನಾಲ್ಕನೆಯ ಪತ್ರ ನೆನಪಾಗಿ ನಾಚಿಕೆಯಾಯಿತು. ಹಾಸಿಗೆ ಹಿಡಿದವರಿಗೋ, ಕೆಲಸ ಕಳೆದುಕೊಂಡು ಯಾರ ಮುಖವೂ ಬೇಡವೆಂದು ಕೂತವರಿಗೋ ಅಂಥ ಪತ್ರ ಇನ್ನೊಂದು ಸಾಲದ ಹೊರೆಯಂತೆ. ತಿಂಗಳು ಕಳೆದಷ್ಟೂ ಉತ್ತರ ಬರೆಯುವುದು ಕಷ್ಟವಾಗುತ್ತದೆ, ಏಕೆಂದರೆ ಆಗ ಸುದ್ದಿಯ ಜೊತೆಗೆ ಸಮಜಾಯಿಷಿಯನ್ನೂ ಬರೆಯಬೇಕಾಗುತ್ತದೆ. ಆದ್ದರಿಂದ ಈಗ ನಾನು ಉತ್ತರ ಕೇಳದ ಪತ್ರ ಬರೆಯುತ್ತೇನೆ: ಅವರೆಕಾಯಿ ಬಂತು, ನಮ್ಮ ಬೀದಿಯ ಹೊಂಗೆ ಚಿಗುರಿತು, ಇಂಥ ಆಟದಲ್ಲಿ ಆನೆಯನ್ನು ಬೇಗ ಹೊರಗೆ ತಂದು ಬೈಸಿಕೊಳ್ಳುವಂತೆ ಸೋತೆ. ಎರಡು ತಿಂಗಳಿಗೊಮ್ಮೆ, ನಾಲ್ಕು ಸಾಲು. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವುದಿಲ್ಲ.

ಇದಕ್ಕೆ ಒಂದೇ ಅಪವಾದವನ್ನು ಇಟ್ಟುಕೊಂಡಿದ್ದೇನೆ. ಸುಮ್ಮನಾಗುವ ಮುನ್ನ ಅವರ ಮಾತಿನಲ್ಲಿ ಬದುಕೇ ಬೇಡವೆಂಬ ಸುಳಿವು ಇದ್ದಿದ್ದರೆ ಈ ಸಂಯಮವನ್ನೆಲ್ಲ ಪಕ್ಕಕ್ಕಿಟ್ಟು, ಗೊತ್ತಿರುವ ಎಲ್ಲರನ್ನೂ ಎಬ್ಬಿಸಬೇಕು, ವಿಳಾಸ ಗೊತ್ತಿದ್ದರೆ 112ಕ್ಕೆ ಕರೆ ಮಾಡಬೇಕು. 14416 ಎಂಬ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿಯೇ ಮಾತನಾಡಬಹುದು. ನಮ್ಮ ನಿಮ್ಹಾನ್ಸ್ ಆ ಸೇವೆಯ ಮುಖ್ಯ ಕೇಂದ್ರ. ಕಾಡುಗೋಡಿಯವರ ಕೊನೆಯ ಸಾಲನ್ನು ನಾನು ಈ ದೃಷ್ಟಿಯಿಂದ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ‘ಮಳೆ ಶುರುವಾಯಿತು, ನಿಮ್ಮ ಕುದುರೆ ನೆನೆಯುತ್ತಿದೆ, ಒಳಗೆ ಕಟ್ಟಿ’ ಎಂದಿತ್ತು. ಅದರಲ್ಲಿ ನನಗೆ ಏನೂ ಕಾಣಿಸಲಿಲ್ಲ. ಮರುದಿನ ನನ್ನ ಕುದುರೆ ಹೋಯಿತು.

2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿಗೂ ಕೆ.ಆರ್.ಪುರಕ್ಕೂ ನಡುವೆ ಬಾಕಿಯಿದ್ದ ತುಂಡು ತೆರೆದು, ನೇರಳೆ ಮಾರ್ಗದ ರೈಲು ಕಾಡುಗೋಡಿಯವರೆಗೆ ಓಡತೊಡಗಿತು. ಎರಡು ವಾರ ಬಿಟ್ಟು ನಾನು ಹೊರಟೆ. ಬನಶಂಕರಿಯಲ್ಲಿ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರಿನಿಂದ ನೇರಳೆಗೆ ಬದಲಾಯಿಸಿ, ಸುಮಾರು ಒಂದೂಕಾಲು ಗಂಟೆಯಲ್ಲಿ ಕೊನೆಯ ನಿಲ್ದಾಣ ತಲುಪಿದೆ. ಇಷ್ಟೇ ದೂರವೇ ಎನ್ನಿಸಿ ಹೊಟ್ಟೆಯೊಳಗೆ ಸಂಕಟವಾಯಿತು. ಹೊರಗೆ ಬಂದು ನಿಂತರೆ ಎಲ್ಲ ದಿಕ್ಕಿನಲ್ಲೂ ಬಹುಮಹಡಿ ಕಟ್ಟಡಗಳು, ಎಲ್ಲ ಗೇಟುಗಳಲ್ಲೂ ನೀರಿನ ಟ್ಯಾಂಕರುಗಳು. ಯಾವ ಗೇಟಿನ ಕಾವಲುಗಾರನ ಬಳಿ ಹೋಗಿ, ‘ಚಿಕೋರಿ ಹಾಕದ ಕಾಫಿ ಕುಡಿಯುವ, ಎಡ ಮೊಣಕಾಲು ನೋಯುವ ಒಬ್ಬರು ಇಲ್ಲಿದ್ದಾರೆಯೇ’ ಎಂದು ಕೇಳುವುದು? ಅಪಾರ್ಟ್‌ಮೆಂಟ್‌ಗಳ ಗುಂಪುಗಳಲ್ಲಿ ವಿಚಾರಿಸುತ್ತೇನೆಂದು ನನ್ನ ಗಂಡ ಹೇಳಿದ್ದರು, ನಾನೇ ಬೇಡವೆಂದಿದ್ದೆ. ತಾನಾಗಿ ಹೇಳಿಕೊಳ್ಳದ ಹೆಸರನ್ನು ಊರಿಗೆಲ್ಲ ಡಂಗುರ ಹೊಡೆದು ಹುಡುಕುವ ಹಕ್ಕು ನನಗೆ ಇದೆಯೆಂದು ಅನ್ನಿಸಲಿಲ್ಲ. ಒಬ್ಬರಿಗೆ ಹೇಳದೆ ಎದ್ದುಹೋಗುವ ಸ್ವಾತಂತ್ರ್ಯವೂ ಈ ಸ್ನೇಹದ ಒಂದು ಭಾಗವೇ, ಎಷ್ಟೇ ನೋವಾದರೂ. ನಿಲ್ದಾಣದ ಬಳಿ ಒಂದು ಕಾಫಿ ಕುಡಿದೆ. ಅದರಲ್ಲಿ ಚಿಕೋರಿ ಧಾರಾಳವಾಗಿತ್ತು.

ಅವರ ಖಾತೆ ಮುಚ್ಚಿಲ್ಲ. ಹೆಸರಿನ ಪಕ್ಕದ ಹಸಿರು ಚುಕ್ಕೆ ಮಾತ್ರ ಮತ್ತೆ ಬೆಳಗಿಲ್ಲ.

ಆ ಪ್ರಯಾಣದ ನಂತರ, ಉಳಿದಿರುವ ಮುಖ ನೋಡದ ಸ್ನೇಹಿತರೆಲ್ಲರ ಬಳಿ ಒಂದು ಮಾತು ಎತ್ತಿದೆ. ನಿಮ್ಮ ಸಂಖ್ಯೆ ಬೇಡ, ನಿಮ್ಮನ್ನು ವಾರಕ್ಕೊಮ್ಮೆಯಾದರೂ ಕಣ್ಣಾರೆ ನೋಡುವ ಇನ್ನೊಬ್ಬರ ಸಂಖ್ಯೆ ಕೊಡಿ, ನನ್ನ ಕಡೆಯಿಂದಲೂ ಒಂದನ್ನು ಇಟ್ಟುಕೊಳ್ಳಿ ಎಂದೆ. ಗೂಗಲ್ ಖಾತೆಯಲ್ಲಿ, ನಾವು ಮೂರು ತಿಂಗಳಿಂದ ಹದಿನೆಂಟು ತಿಂಗಳವರೆಗೆ ಗೊತ್ತುಪಡಿಸಿದ ಅವಧಿ ಸುಮ್ಮನಿದ್ದರೆ, ಆಯ್ದ ಹತ್ತು ಮಂದಿಯವರೆಗೆ ತಾನಾಗಿಯೇ ತಿಳಿಸುವ ಏರ್ಪಾಡಿದೆ. ಅದನ್ನೂ ಮಾಡಿಟ್ಟಿದ್ದೇನೆ. ಆದರೆ ಮೂರು ತಿಂಗಳು ಎಂಬುದು ದೀರ್ಘಕಾಲ, ಯಂತ್ರಕ್ಕೆ ‘ಅಶುಭ’ ಎಂದು ಬರೆಯಲೂ ಬರುವುದಿಲ್ಲ. ನನ್ನ ಕೋರಿಕೆ ಕೇಳಿ ಇಬ್ಬರು ಮಾತು ಮರೆಸಿದರು. ಅದು ಅವರ ಇಷ್ಟ. ಒಬ್ಬರು ತಂಗಿಯ ಸಂಖ್ಯೆ ಕೊಟ್ಟರು. ಒಬ್ಬಂಟಿಯಾಗಿರುವ ಧಾರವಾಡದ ಅಕ್ಕ ಎರಡು ದಿನ ಯೋಚಿಸಿ, ತಮ್ಮ ಮನೆಯ ಕೆಳಗಿನ ಹಿಟ್ಟಿನ ಗಿರಣಿಯವರ ಸಂಖ್ಯೆ ಕಳಿಸಿದರು.

ಕಳೆದ ತಿಂಗಳು ಅಕ್ಕನಿಂದ ಹತ್ತು ದಿನ ಸುದ್ದಿ ಇರಲಿಲ್ಲ. ಹನ್ನೊಂದನೆಯ ದಿನ ಹಿಂಜರಿಯುತ್ತಲೇ ಆ ಸಂಖ್ಯೆಗೆ ಕರೆ ಮಾಡಿದೆ. ಗಿರಣಿಯ ಸದ್ದಿನ ನಡುವೆ ನಾನು ಯಾರು, ಯಾಕೆ ಕೇಳುತ್ತಿದ್ದೇನೆ ಎಂಬುದನ್ನು ಮೂರು ಸಲ ಕೂಗಿ ಹೇಳಬೇಕಾಯಿತು. ಆಚೆಯವರು ಬೆಲ್ಟನ್ನು ನಿಲ್ಲಿಸಿ, ಸದ್ದು ಅಡಗುವವರೆಗೆ ಕಾದು, ನಿಧಾನವಾಗಿ ಹೇಳಿದರು: “ಅಕ್ಕಾರಾ? ಆರಾಮ ಅದಾರ್ರೀ. ಫೋನ್ ನೀರಾಗ ಬಿದ್ದೈತಂತ. ಈಗಷ್ಟ ಜ್ವಾಳಾ ಬೀಸಿಸ್ಕೊಂಡು ಮ್ಯಾಲೆ ಹೋದ್ರು, ಕರೀಲೇನ್ರಿ?”