ಖಾಲಿ ಕುರ್ಚಿಗಳ ಪ್ರದರ್ಶನ

ಕಾಲೇಜಿಗೆ ಸೇರಿದ ವರ್ಷ, ನಾನು ನಾಸ್ತಿಕನೆಂಬುದನ್ನು ಯಾರೂ ಕೇಳದಿದ್ದರೂ ಹೇಳಿಕೊಂಡು ತಿರುಗುತ್ತಿದ್ದೆ. ಚಿತ್ರ ಸಂಘದ ಮೇಷ್ಟ್ರು ಮಾತ್ರ ಅದಕ್ಕೆ ಸೊಪ್ಪು ಹಾಕಲಿಲ್ಲ. “ಆಗಲಿ, ಮೊದಲು ಆ ಪ್ರೊಜೆಕ್ಟರ್ ತೆಗೆದುಕೊಂಡು ಬಾ” ಎಂದರು.

ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ನರ ‘ದಿ ಸೆವೆಂತ್ ಸೀಲ್’ (1957) ನೋಡಿದಾಗ ನನಗೆ ಗೆದ್ದಷ್ಟು ಸಂತೋಷ. ಸಾವಿನೊಡನೆ ಚದುರಂಗವಾಡುವ ಯೋಧ, ದೇವರು ಏಕೆ ಅಡಗಿ ಕುಳಿತಿದ್ದಾನೆಂದು ನನ್ನ ಪರವಾಗಿಯೇ ಕೇಳುತ್ತಿದ್ದನಲ್ಲ! ಪಾದ್ರಿಯೆಂದು ನಂಬಿ ಅವನು ಅದನ್ನು ಹೇಳಿಕೊಂಡದ್ದು ಸಾವಿನ ಮುಂದೆಯೇ ಎಂಬುದು ಆ ಸಂಭ್ರಮದಲ್ಲಿ ನನಗೆ ಮುಖ್ಯವೆನಿಸಲಿಲ್ಲ.

ಮುಂದಿನದು ಸತ್ಯಜಿತ್ ರಾಯ್ ಅವರ ‘ದೇವಿ’ (1960). ಸೊಸೆಯೇ ಕಾಳಿಯೆಂದು ಮಾವನಿಗೆ ಕನಸು ಬೀಳುತ್ತದೆ. ಹದಿಹರೆಯದ ಹುಡುಗಿ ಪೂಜೆಯ ಮೂರ್ತಿಯಾಗುತ್ತಾಳೆ. ಕೊನೆಗೆ, ಔಷಧದ ಬದಲು ಅವಳನ್ನೇ ನಂಬಿದ್ದರಿಂದ ಮನೆಯ ಮಗು ಸಾಯುತ್ತದೆ. ಮೂಢನಂಬಿಕೆಯ ಮೇಲೆ ನಾನು ಕಾಲು ಗಂಟೆ ಭಾಷಣ ಬಿಗಿದೆ. ಎಲ್ಲವನ್ನೂ ಕೇಳಿಸಿಕೊಂಡು ಮೇಷ್ಟ್ರು, “ಅದಕ್ಕೂ ಮೊದಲು ಬೇರೊಂದು ಮಗು ಗುಣವಾಯಿತಲ್ಲ, ಅದರ ತಂದೆಗೆ ಏನು ಹೇಳುತ್ತೀಯೆ?” ಎಂದರು. ಕಾಕತಾಳೀಯ ಎಂದೆ. ಉತ್ತರ ಸರಿಯೇ ಇತ್ತು, ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಆ ತಂದೆಯ ಮುಖ ನೋಡಿಕೊಂಡು ಹೇಳಲಾರೆ.

ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಡೆನ್ಮಾರ್ಕಿನ ನಿರ್ದೇಶಕ ಡ್ರೇಯರರ ‘ಓರ್ಡೆಟ್’ (1955). ತಾನೇ ಕ್ರಿಸ್ತನೆಂದುಕೊಂಡ ಯೊಹಾನ್ನೆಸ್, ಹೆರಿಗೆಯಲ್ಲಿ ತೀರಿಕೊಂಡ ಅತ್ತಿಗೆ. ಬುದ್ಧಿ ಸ್ಥಿಮಿತಕ್ಕೆ ಬಂದು ಮರಳಿದ ಮೇಲೆ ಅವನು ಅಳುತ್ತಿರುವ ಭಕ್ತರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ: ಅವಳನ್ನು ಮರಳಿ ಕೊಡು ಎಂದು ನಿಮ್ಮಲ್ಲಿ ಒಬ್ಬರಾದರೂ ದೇವರನ್ನು ಕೇಳಿದಿರಾ? ಕೇಳಿದ್ದು ಅವಳ ಪುಟ್ಟ ಮಗಳು ಮಾತ್ರ. ಗುಡುಗಿಲ್ಲ, ಬೆಳಕಿನ ಪ್ರಭೆಯಿಲ್ಲ. ಶವಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಕೈಗಳು ನಿಧಾನವಾಗಿ ಅಲುಗುತ್ತವೆ. ಅದು ಸಾಧ್ಯವಿಲ್ಲವೆಂದು ಗೊತ್ತಿದ್ದ ನಾನು, ಅಲುಗಲಿ ಎಂದು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಪಕ್ಕದಲ್ಲಿದ್ದ, ದಿನವೂ ತಪ್ಪದೆ ಪ್ರಾರ್ಥಿಸುವ ಗೆಳತಿ ಮಾತ್ರ ಕಸಿವಿಸಿಗೊಂಡಿದ್ದಳು. “ನಾನು ಇಷ್ಟನ್ನು ಎಂದೂ ಕೇಳಿಲ್ಲ, ಕೇಳುವ ಧೈರ್ಯವೂ ಇಲ್ಲ” ಎಂದಳು. ಆ ಸಂಜೆ ನಮ್ಮ ಎಂದಿನ ವಾದ ನಡೆಯಲಿಲ್ಲ.

ಕೊನೆಯ ಪ್ರದರ್ಶನ ಬರ್ಗ್‌ಮನ್ನರ ‘ವಿಂಟರ್ ಲೈಟ್’ (1963). ಅದರ ಪಾದ್ರಿ, ಧೈರ್ಯ ಬೇಡಿ ಬಂದ ಮೀನುಗಾರನೆದುರು ತನ್ನ ಸಂಶಯವನ್ನೇ ತೋಡಿಕೊಳ್ಳುತ್ತಾನೆ. ಆತ ಹೋಗಿ ಪ್ರಾಣ ಕಳೆದುಕೊಳ್ಳುತ್ತಾನೆ. ಕಡೆಗೆ ಇನ್ನೊಂದು ಚರ್ಚಿನಲ್ಲಿ ಸಾಲು ಸಾಲು ಖಾಲಿ ಬೆಂಚುಗಳು. ಕುಳಿತಿರುವವಳು ಒಬ್ಬಳೇ, ಅವಳೂ ತಾನು ನಂಬುವವಳಲ್ಲವೆಂದು ಹೇಳಿಕೊಂಡವಳು. ಪಾದ್ರಿ ಆರಾಧನೆ ಆರಂಭಿಸುತ್ತಾನೆ. ಚಿತ್ರ ಅಲ್ಲಿಗೇ ನಿಲ್ಲುತ್ತದೆ.

ಪರೀಕ್ಷೆ ಹತ್ತಿರವಿದ್ದುದರಿಂದ ಅಂದು ನೋಡಲು ಬಂದವನು ನಾನೊಬ್ಬನೇ. ಮೇಷ್ಟ್ರು ಒಮ್ಮೆ ಕುರ್ಚಿಗಳ ಕಡೆ ನೋಡಿದರು, ಒಮ್ಮೆ ಗಡಿಯಾರ ನೋಡಿದರು. “ಐದೂವರೆ ಆಯಿತು, ದೀಪ ಆರಿಸು” ಎಂದರು.