ನೀರುಗಂಟಿಗೆ ಮೂರು ಕೊಟೇಶನ್

ಹೊಸ ಪಠ್ಯಕ್ರಮ ಮಾಡುವ ಮೇಷ್ಟ್ರುಗಳಿಗೆ ನಮ್ಮ ವಿಶ್ವವಿದ್ಯಾಲಯವೇ ಒಂದು ಸಣ್ಣ ಅನುದಾನ ಕೊಡುತ್ತದೆ. ನಾನೂ ಅರ್ಜಿ ಹಾಕಿದ್ದೆ. ಇವತ್ತು ಫೈಲು ವಾಪಸ್ ಬಂತು.

"ಮೇಡಂ, ಇದಕ್ಕೆ ಮೂರು ಕೊಟೇಶನ್ ಬೇಕು."

ಯಾವುದಕ್ಕೆ ಅಂತ ನೋಡಿದರೆ, ನೀರುಗಂಟಿಗೆ, ಅಂದರೆ ಊರಿನ ಕೆರೆ ನೀರು ಹಂಚುವವರಿಗೆ, ಕೊಡುವ ಗೌರವಧನಕ್ಕೆ!

ಕೋರ್ಸು ಕೋಲಾರದ ಕೆರೆಗಳ ಬಗ್ಗೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಅಲ್ಲಿಗೆ ಹೋಗುತ್ತಿದೆ. ಮಕ್ಕಳು ಆ ನೀರು ಪರೀಕ್ಷೆ ಮಾಡಬೇಕು. ಆಮೇಲೆ, ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುತ್ತಿದ್ದ ನೀರುಗಂಟಿ ತಾತನ ಜೊತೆ ಕೂತು ಆ ಲೆಕ್ಕ ಕಲಿಯಬೇಕು. ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿಗೆ ಕೊಟೇಶನ್ ಸಿಗುತ್ತದೆ. ತಾತನಿಗೆ ಎಲ್ಲಿಂದ ತರಲಿ? ಪಕ್ಕದೂರಿನ ಇನ್ನಿಬ್ಬರನ್ನು ಕೇಳಿ, ಕಡಿಮೆ ರೇಟು ಹೇಳಿದವರನ್ನು ಕರೆಯೋದಾ?

ಗುಮಾಸ್ತರದ್ದು ತಪ್ಪಿಲ್ಲ ಬಿಡಿ. ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಅವರೇ. ಆದರೆ ಫಾರಂ ಮಾಡಿದವರ ತಲೆಯಲ್ಲಿ ಹೊಸ ಪಾಠ ಅಂದರೆ ಪ್ರೊಜೆಕ್ಟರು, ಸಾಫ್ಟ್‌ವೇರು ಅಷ್ಟೇ ಇತ್ತೇನೋ. ಮನುಷ್ಯರಿಗೆ ಕಾಲಂ ಇಲ್ಲ. ಪಾಠ ಬರೆಯೋಕೆ ಬೇಕಾದ ಬಿಡುವಿನ ಮಾತಂತೂ ಎತ್ತಲೇಬೇಡಿ.

ಅಂದಹಾಗೆ, 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಅಂತ ಇಡೀ ಡಿಗ್ರಿ ಸಿಲಬಸ್ಸೇ ಬದಲಾಯಿತು. 2024ರಲ್ಲಿ ಮತ್ತೆ ಮೂರು ವರ್ಷದ ಪದ್ಧತಿಗೇ ಬಂದೆವು. ಆಗ ಯಾರೂ ಕೊಟೇಶನ್ ಕೇಳಲಿಲ್ಲ, ಅಲ್ವಾ?

ಸದ್ಯಕ್ಕೆ ತಾತನನ್ನು 'ಅತಿಥಿ ಉಪನ್ಯಾಸ' ಕಾಲಂಗೆ ಹಾಕಿದ್ದೇನೆ. ಅಲ್ಲಿ ವಿದ್ಯಾರ್ಹತೆ ಕೇಳುತ್ತಾರಂತೆ.